ಸೊರಗಿದ ತೋಳು, ಸುತ್ತುವ ಚೆಂಡು

ಚಳಿಗಾಲದ ಬೆಳಗು. ನಾಲತವಾಡದ ಸುತ್ತಣ ಎರೆಹೊಲಗಳಲ್ಲಿ ಬಿಳಿಜೋಳದ ತೆನೆಗಳು ಹಾಲುಗಟ್ಟಿ ನಿಂತಿರುವ ಕಾಲ. ಹೊಲದ ನಡುವೆ ನಾಲ್ಕು ಕಂಬಗಳ ಮೇಲೆ ಕಟ್ಟಿದ ಅಟ್ಟಣಿಗೆಯನ್ನೇರಿ ಹುಡುಗನೊಬ್ಬನು ಕವಣೆ ಬೀಸುತ್ತಿದ್ದಾನೆ. ಅವನ ತೋಳು ಜೋಳದ ದಂಟಿಗಿಂತ ಬಹಳ ದಪ್ಪವೇನೂ ಅಲ್ಲ. ಆದರೂ ಅವನು ಬೀಸಿದ ಕಲ್ಲು ಹೊಲದ ಆಚೆಯ ಬದುವನ್ನು ದಾಟಿ ಹೋಗಿ ಬೀಳುತ್ತದೆ. ಹಕ್ಕಿಗಳ ಹಿಂಡು ಒಮ್ಮೆಲೇ ಮೇಲೇಳುತ್ತದೆ. ಅದೇ ಕಲ್ಲನ್ನು ಊರಿನ ಜಟ್ಟಿಯು ಬರಿಗೈಯಿಂದ ಎಸೆದರೂ ಅಷ್ಟು ದೂರ ಹೋಗದು. ಹಾಗಾದರೆ ಕಲ್ಲಿಗೆ ವೇಗವನ್ನು ಕೊಡುವುದು ತೋಳಿನ ಗಾತ್ರವಲ್ಲವೆಂದಾಯಿತು. ಮತ್ತಾವುದು?

ಕಳೆದ ವರ್ಷ ಚಲನೆಯ ನಿಯಮಗಳನ್ನು ಪಾಠ ಹೇಳುವಾಗ ಇಂತಹ ಕವಣೆಯೊಂದನ್ನು ತರಗತಿಗೆ ಒಯ್ದಿದ್ದೆ. ಮಾತಿಗೆ ಮಾತು ಬಂದು, ಕನ್ನಡನಾಡಿನ ಪ್ರಸಿದ್ಧ ಕ್ರಿಕೆಟ್ ಆಟಗಾರರಾದ ಬಿ. ಎಸ್. ಚಂದ್ರಶೇಖರರ ಹೆಸರನ್ನೂ ಎತ್ತಿದೆ. ಹಿಂದಿನ ಬೆಂಚಿನಲ್ಲಿದ್ದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ಅವರ ಬಲಗೈ ಪೋಲಿಯೊದಿಂದ ಸೊರಗಿತ್ತಂತಲ್ಲರಿ. ಅದ ಕೈಲೆ ಹ್ಯಾಂಗ ಬೌಲಿಂಗ್ ಮಾಡತಿದ್ರು?” ಎಂದು ಕೇಳಿದನು. ಗಂಟೆ ಬಾರಿಸಲು ಐದು ನಿಮಿಷ ಉಳಿದಿತ್ತು. ಆ ಐದು ನಿಮಿಷದಲ್ಲಿ ಕೊಟ್ಟ ಉತ್ತರ ಅವನಿಗೆ ಸಮಾಧಾನ ತಂದಿತೋ ಇಲ್ಲವೋ, ನನಗಂತೂ ತರಲಿಲ್ಲ. ಪ್ರಶ್ನೆ ಒಂದೇ ಆದರೂ ಉತ್ತರವು ದೇಹಶಾಸ್ತ್ರ, ಭೌತಶಾಸ್ತ್ರ, ಆಟ ಈ ಮೂರನ್ನೂ ಮುಟ್ಟಿಬರಬೇಕಾದುದು. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲು ಯತ್ನಿಸುತ್ತೇನೆ.

ಮೈಸೂರಿನ ಹುಡುಗ

ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರರು ಹುಟ್ಟಿದುದು 1945ನೆಯ ಇಸವಿಯ ಮೇ 17ರಂದು, ಮೈಸೂರಿನಲ್ಲಿ. ಆರನೆಯ ವಯಸ್ಸಿನಲ್ಲಿ ಅವರಿಗೆ ಪೋಲಿಯೊ ತಗುಲಿ ಬಲದೋಳು ಶಕ್ತಿಗುಂದಿತು. ಆಗ ಜಗತ್ತಿನ ಯಾವ ದೇಶದಲ್ಲಿಯೂ ಪೋಲಿಯೊ ಲಸಿಕೆ ಬಳಕೆಗೆ ಬಂದಿರಲಿಲ್ಲ. ಹತ್ತು ವರ್ಷವಾಗುವ ಹೊತ್ತಿಗೆ ಕೈ ತಕ್ಕಮಟ್ಟಿಗೆ ಚೇತರಿಸಿಕೊಂಡಿತು. ಆದರೆ ಎಡದೋಳಿನಂತೆ ತುಂಬಿಕೊಳ್ಳಲೇ ಇಲ್ಲ. ಹುಡುಗನು ಮಾತ್ರ ಆಟ ಬಿಡಲಿಲ್ಲ. ಮೈಸೂರಿನಲ್ಲಿದ್ದಾಗಲೇ ಆಸ್ಟ್ರೇಲಿಯಾದ ಲೆಗ್ ಸ್ಪಿನ್ ಬೌಲರ್ ರಿಚಿ ಬೆನೊ ಅವರ ಆಟಕ್ಕೆ ಮನಸೋತಿದ್ದನು. ಕುಟುಂಬವು ಬೆಂಗಳೂರಿಗೆ ಬಂದ ಮೇಲೆ ಬೀದಿಯ ಆಟದಿಂದ ತೊಡಗಿ, ಸಿಟಿ ಕ್ರಿಕೆಟರ್ಸ್ ಎಂಬ ಕ್ಲಬ್ಬನ್ನು ಸೇರಿದನು. ವೇಗದ ಬೌಲಿಂಗನ್ನೂ ಮಾಡಿ ನೋಡಿ, ಕೊನೆಗೆ 1963ರಲ್ಲಿ ಲೆಗ್ ಸ್ಪಿನ್ನೇ ತನ್ನ ದಾರಿಯೆಂದು ನಿಶ್ಚಯಿಸಿದನು.

ಅನಂತರ ನಡೆದುದು ಬೆರಗುಗೊಳಿಸುವಷ್ಟು ಶೀಘ್ರವಾಗಿ ನಡೆಯಿತು. 1963-64ರ ಋತುವಿನಲ್ಲಿ ಮೈಸೂರು ರಾಜ್ಯದ ಪರವಾಗಿ ರಣಜಿ ಪಂದ್ಯಗಳು. ಅದೇ ಋತುವಿನ ಜನವರಿ ತಿಂಗಳಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಎದುರು ಮೊದಲ ಟೆಸ್ಟ್. ವಯಸ್ಸು ಇನ್ನೂ ಹದಿನೆಂಟು. ಮೊದಲ ಸರದಿಯಲ್ಲಿಯೇ 67 ಓಟಗಳಿಗೆ 4 ವಿಕೆಟ್ ಪಡೆದರು. ಅವರು ಚೆಂಡನ್ನು ಬೌಲ್ ಮಾಡುತ್ತಿದ್ದುದು ಬಲಗೈಯಿಂದ; ಆದರೆ ದೂರದಲ್ಲಿ ಹಿಡಿದ ಚೆಂಡನ್ನು ಮರಳಿ ಎಸೆಯುತ್ತಿದ್ದುದು ಎಡಗೈಯಿಂದ! ಓದುಗರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿಯೇ ಅಡಗಿದೆ.

ಪೋಲಿಯೊ ಮಾಡುವುದೇನು?

ಪೋಲಿಯೊ ರೋಗಾಣುವು ಬಹುಮಟ್ಟಿಗೆ ಕೊಳೆಯಾದ ನೀರು ಆಹಾರಗಳ ಮೂಲಕ ಬಾಯಿಯಿಂದ ದೇಹವನ್ನು ಹೊಕ್ಕು ಕರುಳಿನಲ್ಲಿ ಬೆಳೆಯುತ್ತದೆ. ಸೋಂಕು ತಗುಲಿದ ಮಕ್ಕಳಲ್ಲಿ ಹೆಚ್ಚಿನವರಿಗೆ ರೋಗ ಬಂದುದೇ ತಿಳಿಯುವುದಿಲ್ಲ. ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಮಾತ್ರ ಅದು ಬೆನ್ನುಹುರಿಯನ್ನು ತಲುಪಿ, ಸ್ನಾಯುಗಳಿಗೆ ಅಪ್ಪಣೆಯನ್ನು ಒಯ್ಯುವ ನರಕೋಶಗಳನ್ನು ಕೊಲ್ಲುತ್ತದೆ. ಸ್ನಾಯುವಿಗೆ ನೇರವಾಗಿ ಏನೂ ಆಗಿರುವುದಿಲ್ಲ. ಅಪ್ಪಣೆ ಬಾರದ ಆಳಿನಂತೆ ಅದು ಸುಮ್ಮನೆ ಕುಳಿತಿರುತ್ತದೆ. ಕುಳಿತು ಕುಳಿತು ಸವೆಯುತ್ತದೆ. ಸ್ಪರ್ಶಜ್ಞಾನವನ್ನು ಒಯ್ಯುವ ನರಗಳು ಬೇರೆಯಾದುದರಿಂದ ಅವಕ್ಕೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಎಂದರೆ ಪೋಲಿಯೊ ತಗುಲಿದ ಕೈ ಬಡಕಲಾದೀತು, ಆದರೆ ಕುರುಡಾಗದು. ಬೆರಳ ತುದಿಗೆ ಚೆಂಡಿನ ಹೊಲಿಗೆ ತಾಕಿದರೆ ಅದು ಎಂದಿನಂತೆಯೇ ತಿಳಿಯುವುದು.

ಇನ್ನೊಂದು ಸೋಜಿಗವುಂಟು. ಸತ್ತ ನರಕೋಶಗಳು ಮತ್ತೆ ಹುಟ್ಟಲಾರವು. ಆದರೆ ಬದುಕುಳಿದ ಕೋಶಗಳು ಹೊಸ ಕವಲುಗಳನ್ನು ಬಿಟ್ಟು, ದಿಕ್ಕಿಲ್ಲದಂತಾದ ಸ್ನಾಯುತಂತುಗಳನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಳ್ಳುತ್ತವೆ. ಮನೆಯೊಡೆಯನು ತೀರಿಕೊಂಡಾಗ ನೆರೆಯವರು ಮಕ್ಕಳನ್ನು ಸಾಕಿದಂತೆ. ರೋಗದ ಅನಂತರ ತಿಂಗಳುಗಟ್ಟಲೆ ಕಾಲದಲ್ಲಿ ಕಾಣುವ ಚೇತರಿಕೆಗೆ ಇದು ಒಂದು ಮುಖ್ಯ ಕಾರಣ. ಉಳಿದ ಸ್ವಲ್ಪ ಬಲವನ್ನು ಎಷ್ಟು ಚೆನ್ನಾಗಿ ಬಳಸಲು ಕಲಿಯುವೆವೆಂಬುದು ಅಭ್ಯಾಸಕ್ಕೆ ಬಿಟ್ಟದ್ದು.

ಚಾವಟಿಯ ತುದಿ

ಇನ್ನು ಭೌತಶಾಸ್ತ್ರಕ್ಕೆ ಬರೋಣ. ಎತ್ತಿನ ಗಾಡಿಯವನು ಬಾರುಕೋಲನ್ನು ಬೀಸಿದಾಗ ‘ಛಟ್’ ಎಂಬ ಸದ್ದು ಬರುವುದನ್ನು ನೀವು ಕೇಳಿದ್ದೀರಿ. ಸರಿಯಾಗಿ ಬೀಸಿದ ಉದ್ದನೆಯ ಚಾವಟಿಯ ತುದಿಯು ಸೆಕೆಂಡಿಗೆ ಸುಮಾರು 340 ಮೀಟರಿನಷ್ಟಿರುವ ಶಬ್ದದ ವೇಗವನ್ನೂ ಮೀರುತ್ತದೆ; ಆ ಸದ್ದು ಹುಟ್ಟುವುದು ಹಾಗೆ. ಗಾಡಿಯವನ ಕೈ ಅಷ್ಟು ವೇಗವಾಗಿ ಚಲಿಸಿತೇ? ಇಲ್ಲ. ಕೈ ಕೊಟ್ಟ ಶಕ್ತಿಯು ಚಾವಟಿಯ ದಪ್ಪನೆಯ ಬುಡದಿಂದ ತೆಳ್ಳನೆಯ ತುದಿಯ ಕಡೆಗೆ ಹರಿಯಿತು. ಹರಿದಂತೆಲ್ಲ ಅದನ್ನು ಹೊರುವ ದ್ರವ್ಯರಾಶಿ ಕಡಿಮೆಯಾಯಿತು. ಚಲನಶಕ್ತಿಯೆಂದರೆ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಬಂದುದರಲ್ಲಿ ಅರ್ಧ. ಶಕ್ತಿ ಅಷ್ಟೇ ಇದ್ದು ದ್ರವ್ಯರಾಶಿ ಕಾಲು ಭಾಗಕ್ಕಿಳಿದರೆ ವೇಗ ಎರಡರಷ್ಟಾಗಬೇಕು. ಬುಡ ದಪ್ಪ, ತುದಿ ತೆಳು; ಚಾವಟಿಯ ಗುಟ್ಟೆಲ್ಲ ಇಷ್ಟೆ.

ಬೌಲ್ ಮಾಡುವವನ ದೇಹವೂ ಇಂತಹ ಒಂದು ಚಾವಟಿ. ಅವನು ಓಡಿಬಂದು ಮುಂಗಾಲನ್ನು ನೆಲಕ್ಕೆ ಊರಿದಾಗ ಕೆಳಗಿನ ದೇಹ ತಡೆಯಲ್ಪಡುತ್ತದೆ. ಮೇಲಿನ ದೇಹ ಜಡತ್ವದಿಂದ ಮುನ್ನುಗ್ಗುತ್ತದೆ. ಸೊಂಟವು ತಿರುಗಿ ಎದೆಯನ್ನೂ, ಎದೆಯು ತಿರುಗಿ ಭುಜವನ್ನೂ, ಭುಜವು ತೋಳನ್ನೂ, ತೋಳು ಮಣಿಕಟ್ಟನ್ನೂ ಎಳೆಯುತ್ತವೆ. ಚೆಂಡಿನ ಮುನ್ನಡೆಯ ವೇಗದ ಬಹುಭಾಗವು ಹೀಗೆ ಕಾಲು, ಸೊಂಟ, ಬೆನ್ನುಗಳ ದೊಡ್ಡ ಸ್ನಾಯುಗಳಿಂದ ಬಂದುದು. ತೋಳು ಅದನ್ನು ಸಾಗಿಸುವ ಕಾಲುವೆ. ಕವಣೆ ಬೀಸುವ ಹುಡುಗನ ವಿಷಯವೂ ಇದೇ. ಕವಣೆಯ ಹಗ್ಗದಲ್ಲಿ ಒಂದು ಎಳೆಯಷ್ಟು ಸ್ನಾಯುವೂ ಇಲ್ಲ. ಆದರೂ ಹಗ್ಗವಿಲ್ಲದೆ ಕಲ್ಲು ದೂರ ಹೋಗದು.

ತೋಳು ಹಗುರವಾದರೆ ಆಗುವುದೇನು? ಭುಜದ ಸುತ್ತ ತಿರುಗುವ ಒಂದು ದಂಡಕ್ಕೆ ನಿಶ್ಚಿತವಾದ ಶಕ್ತಿಯನ್ನು ಕೊಟ್ಟೆವೆನ್ನಿ. ದಂಡದ ಉದ್ದ ಅಷ್ಟೇ ಇದ್ದು ತೂಕ ಅರ್ಧವಾದರೆ ಅದರ ತಿರುಗುವಿಕೆಯ ವೇಗ 2ರ ವರ್ಗಮೂಲದಷ್ಟು, ಎಂದರೆ ಸುಮಾರು 1.4 ಪಟ್ಟು ಹೆಚ್ಚಾಗುತ್ತದೆ. ಚಂದ್ರಶೇಖರರ ತೋಳು ಚಾವಟಿಯಂತೆ ಬೀಸಿ ಬರುತ್ತಿತ್ತೆಂದು ನೋಡಿದವರೆಲ್ಲ ವರ್ಣಿಸಿದ್ದಾರೆ. ಸ್ಪಿನ್ ಬೌಲರಾಗಿದ್ದರೂ ಅವರ ಕೆಲವು ಚೆಂಡುಗಳು ಮಧ್ಯಮವೇಗದ ಬೌಲರ ಚೆಂಡುಗಳಷ್ಟು ರಭಸವಾಗಿರುತ್ತಿದ್ದುವು.

ಆದರೆ ವಿದ್ಯಾರ್ಥಿಗಳೇ, ಇಲ್ಲಿ ಎಚ್ಚರಿಕೆ ಬೇಕು. ನಮ್ಮ ಲೆಕ್ಕದಲ್ಲಿ ‘ಶಕ್ತಿ ಅಷ್ಟೇ ಇದ್ದರೆ’ ಎಂಬ ಕರಾರು ಉಂಟು. ಸೊರಗಿದ ತೋಳು ಹಗುರವೂ ಹೌದು, ಬಲಹೀನವೂ ಹೌದು. ಮೈದಾನದ ಅಂಚಿನಿಂದ ಚೆಂಡನ್ನೆಸೆಯುವಾಗ ಮೊಣಕೈಯನ್ನು ಮಡಿಸಿ ಥಟ್ಟನೆ ನೀಡಬೇಕು. ಅದಕ್ಕೆ ತೋಳಿನ ಸ್ವಂತ ಬಲವೇ ಬೇಕು. ಆದುದರಿಂದ ಅವರು ಎಡಗೈಯಿಂದ ಎಸೆಯುತ್ತಿದ್ದರು. ಬೌಲಿಂಗಿನಲ್ಲಾದರೋ ಮೊಣಕೈಯನ್ನು ಹಾಗೆ ನೀಡುವುದು ನಿಯಮಬಾಹಿರ. ತೋಳು ಭುಜದಿಂದಲೇ ಸುತ್ತಿಬರಬೇಕು. ಬಲವಿಲ್ಲದ ತೋಳಿಗೆ ಆಟದ ನಿಯಮವೇ ಒಂದು ಬಾಗಿಲನ್ನು ತೆರೆದಿರಿಸಿತ್ತು. ಆ ಬಾಗಿಲನ್ನು ಕಂಡುಕೊಂಡುದು ಹುಡುಗನ ಬುದ್ಧಿ.

ಗಾಳಿಯಲ್ಲಿ ಬಾಗುವ ಚೆಂಡು

ವೇಗವೊಂದೇ ಆಗಿದ್ದರೆ ಚಂದ್ರಶೇಖರರು ಸಾಮಾನ್ಯ ಬೌಲರಾಗಿ ಉಳಿಯುತ್ತಿದ್ದರು. ಅದಕ್ಕೆ ಕೂಡಿಕೊಂಡುದು ಸುತ್ತು. ಚೆಂಡನ್ನು ಬಿಡುವ ಕ್ಷಣದಲ್ಲಿ ಮಣಿಕಟ್ಟು ಮತ್ತು ಬೆರಳುಗಳು ಅದನ್ನು ಬುಗುರಿಯಂತೆ ತಿರುಗಿಸುತ್ತವೆ. ಬಲಗೈ ದಾಂಡಿಗನಿಗೆ ಎಸೆದ ಚೆಂಡು ನೆಲಕ್ಕೆ ತಾಕಿದ ಮೇಲೆ ಅವನ ಕಾಲಿನ ಕಡೆಯಿಂದ ಹೊರಕ್ಕೆ ಸರಿದರೆ ಅದು ಲೆಗ್ ಬ್ರೇಕ್. ಮಣಿಕಟ್ಟನ್ನು ಇನ್ನಷ್ಟು ತಿರುವಿ, ಹಿಂಗೈ ದಾಂಡಿಗನ ಕಡೆಗಿರುವಂತೆ ಬಿಟ್ಟರೆ ಚೆಂಡು ಇದಕ್ಕೆ ವಿರುದ್ಧವಾಗಿ ಒಳಕ್ಕೆ ನುಗ್ಗುತ್ತದೆ, ಅದು ಗೂಗ್ಲಿ. ಇವೆರಡರ ನಡುವೆ, ಚೆಂಡು ಮುಂದಕ್ಕೆ ಉರುಳುವಂತೆ ಸುತ್ತಿದರೆ ಅದು ಟಾಪ್ ಸ್ಪಿನ್. ಗೂಗ್ಲಿ ಮತ್ತು ಟಾಪ್ ಸ್ಪಿನ್‌ಗಳು ಚಂದ್ರಶೇಖರರ ಮುಖ್ಯ ಆಯುಧಗಳಾಗಿದ್ದುವು.

ಸುತ್ತುವ ಚೆಂಡು ಗಾಳಿಯಲ್ಲಿಯೇ ಏತಕ್ಕೆ ಬಾಗುತ್ತದೆ? ಟೆನಿಸ್ ಚೆಂಡು ಬಾಗುವುದನ್ನು ನ್ಯೂಟನ್ನನೇ 1672ರಲ್ಲಿ ಗುರುತಿಸಿದ್ದನು. 1852ರಲ್ಲಿ ಜರ್ಮನಿಯ ಗುಸ್ತಾವ್ ಮಾಗ್ನಸ್ ಎಂಬ ವಿಜ್ಞಾನಿಯು ಪ್ರಯೋಗಗಳ ಮೂಲಕ ವಿವರಿಸಿದುದರಿಂದ ಇದಕ್ಕೆ ಮಾಗ್ನಸ್ ಪರಿಣಾಮವೆಂಬ ಹೆಸರು ಬಂದಿದೆ. ಸೆಕೆಂಡಿಗೆ 25 ಮೀಟರು ವೇಗದಲ್ಲಿ ಸಾಗುತ್ತಿರುವ ಕ್ರಿಕೆಟ್ ಚೆಂಡು ಸೆಕೆಂಡಿಗೆ 30 ಸುತ್ತಿನಂತೆ ಮುಂದಕ್ಕೆ ಉರುಳುತ್ತಿದೆಯೆಂದು ಭಾವಿಸಿರಿ. ಚೆಂಡಿನ ತ್ರಿಜ್ಯ 3.6 ಸೆಂಟಿಮೀಟರು, ಆದುದರಿಂದ ಸುತ್ತಿನ ದೆಸೆಯಿಂದ ಅದರ ಮೈಯ ವೇಗ ಸೆಕೆಂಡಿಗೆ ಸುಮಾರು 6.8 ಮೀಟರು. ಚೆಂಡಿನ ನೆತ್ತಿಯು ಗಾಳಿಯ ಎದುರಿಗೆ 31.8 ಮೀಟರು ವೇಗದಲ್ಲಿ ಹೋಗುತ್ತಿದ್ದರೆ, ಅಡಿಯು 18.2 ಮೀಟರು ವೇಗದಲ್ಲಿ ಮಾತ್ರ ಹೋಗುತ್ತದೆ. ನೆತ್ತಿಯ ಕಡೆ ಗಾಳಿಯು ಬೇಗನೆ ಮೈಬಿಟ್ಟು ಸಿಡಿಯುತ್ತದೆ. ಅಡಿಯ ಕಡೆ ಮೈಗಂಟಿಕೊಂಡೇ ಹಿಂದಿನವರೆಗೆ ಸುತ್ತಿಬಂದು ಮೇಲ್ಮುಖವಾಗಿ ಹೊರಡುತ್ತದೆ. ಚೆಂಡು ಗಾಳಿಯನ್ನು ಮೇಲಕ್ಕೆ ತಳ್ಳಿದರೆ ಗಾಳಿಯು ಚೆಂಡನ್ನು ಕೆಳಕ್ಕೆ ತಳ್ಳಲೇಬೇಕು. ಇದು ನ್ಯೂಟನ್ನನ ಮೂರನೆಯ ನಿಯಮ. ಆದಕಾರಣ ಟಾಪ್ ಸ್ಪಿನ್ ಚೆಂಡು ದಾಂಡಿಗನು ನಿರೀಕ್ಷಿಸಿದ ಸ್ಥಳಕ್ಕಿಂತ ಮೊದಲೇ, ಹೆಚ್ಚು ಕಡಿದಾಗಿ ಬಿದ್ದು, ಮೇಲಕ್ಕೆ ಪುಟಿಯುತ್ತದೆ.

ಇದನ್ನು ಮನೆಯಲ್ಲಿಯೇ ನೋಡಬಹುದು. ಒಂದು ಹಾಳೆಯನ್ನು ಹಗುರವಾದ ಕೊಳವೆಯಾಗಿ ಸುತ್ತಿ ಅಂಚನ್ನು ಅಂಟಿಸಿರಿ. ಮೇಜಿನ ಮೇಲೆ ಒಂದು ಹಲಗೆಯನ್ನು ಓರೆಯಾಗಿಟ್ಟು, ಕೊಳವೆಯು ಅದರ ಮೇಲಿಂದ ಉರುಳಿ ಮೇಜಿನ ಅಂಚಿನಿಂದ ಕೆಳಗೆ ಬೀಳುವಂತೆ ಬಿಡಿರಿ. ಅದು ಮುಂದಕ್ಕೆ ಹೋಗಿ ಬೀಳುವುದೆಂದು ತೋರುತ್ತದೆಯಲ್ಲವೆ? ಹಾಗಾಗದು. ಅದು ಹಿಂದಕ್ಕೆ ಬಾಗಿ ಮೇಜಿನ ಅಡಿಗೆ ನುಗ್ಗುವುದು. ಉರುಳುತ್ತ ಬಿದ್ದ ಆ ಕೊಳವೆಯೇ ಚಂದ್ರಶೇಖರರ ಟಾಪ್ ಸ್ಪಿನ್.

ಏಳರಲ್ಲಿ ಒಂದು ಸೆಕೆಂಡು

ಬೌಲರನ ಗೆರೆಯಿಂದ ದಾಂಡಿಗನ ಗೆರೆಗೆ 58 ಅಡಿ, ಎಂದರೆ 17.7 ಮೀಟರು. ಗಂಟೆಗೆ 72 ಕಿಲೊಮೀಟರು ವೇಗದ ನಿಧಾನದ ಚೆಂಡು ಇಷ್ಟು ದೂರವನ್ನು ದಾಟಲು ಸುಮಾರು 0.9 ಸೆಕೆಂಡು ಬೇಕು. 90 ಕಿಲೊಮೀಟರು ವೇಗದ ಚೆಂಡಿಗೆ ಸುಮಾರು 0.7 ಸೆಕೆಂಡು. ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ನಿಜವಾದ ಪರೀಕ್ಷೆ ಚೆಂಡು ನೆಲಕ್ಕೆ ತಾಕಿದ ಮೇಲಿನದು. ದಾಂಡಿಗನಿಗಿಂತ 3 ಮೀಟರು ಮುಂದೆ ಚೆಂಡು ಬಿತ್ತೆನ್ನಿ. ಪುಟಿದಾಗ ವೇಗ ಕುಗ್ಗಿ, ನಿಧಾನದ ಚೆಂಡು ಸೆಕೆಂಡಿಗೆ 15 ಮೀಟರಿಗೂ ರಭಸದ ಚೆಂಡು 20 ಮೀಟರಿಗೂ ಇಳಿಯಿತೆನ್ನೋಣ. ಆಗ ಮೊದಲನೆಯದು ಬ್ಯಾಟನ್ನು ತಲುಪಲು 0.20 ಸೆಕೆಂಡು ಹಿಡಿದರೆ ಎರಡನೆಯದು 0.15 ಸೆಕೆಂಡು, ಎಂದರೆ ಸುಮಾರು ಏಳರಲ್ಲಿ ಒಂದು ಸೆಕೆಂಡು ಹಿಡಿಯುವುದು. ಕಣ್ಣು ಕಂಡುದಕ್ಕೆ ಕೈ ಚಲಿಸತೊಡಗಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ನಿಧಾನದ ಸ್ಪಿನ್ನರನ ಎದುರು ದಾಂಡಿಗನು ಆ ಗಡಿಯ ಮೇಲೆ ನಿಂತಿರುತ್ತಾನೆ. ರಭಸದ ಸ್ಪಿನ್ನರನ ಎದುರು ಗಡಿಯನ್ನು ದಾಟಿಯಾಗಿರುತ್ತದೆ. ನೆಲದಿಂದ ಚೆಂಡು ತಿರುಗಿದುದನ್ನು ನೋಡಿ ಆಡುತ್ತೇನೆಂದರೆ ಸಮಯವೇ ಇಲ್ಲ.

ತಿರುಗುವುದಾದರೂ ಎಷ್ಟು? ಮೂರು ಮೀಟರು ದೂರದಲ್ಲಿ ಒಂದೇ ಒಂದು ಅಂಶ ಕೋನ ತಿರುಗಿದ ಚೆಂಡು 5.2 ಸೆಂಟಿಮೀಟರು ಪಕ್ಕಕ್ಕೆ ಸರಿಯುತ್ತದೆ. ಬ್ಯಾಟಿನ ಅಗಲ ಹೆಚ್ಚೆಂದರೆ 10.8 ಸೆಂಟಿಮೀಟರು, ಅದರ ಅರ್ಧ 5.4. ಬ್ಯಾಟಿನ ನಟ್ಟನಡುವೆ ತಾಕಬೇಕಾಗಿದ್ದ ಚೆಂಡು ಅಂಚಿಗೆ ತಾಕಲು ಒಂದು ಅಂಶ ಸಾಕು!

ಹೀಗಿರುವುದರಿಂದ ದಾಂಡಿಗನು ಬೌಲರನ ಕೈಯನ್ನೇ ಓದಿ ಚೆಂಡಿನ ದಾರಿಯನ್ನು ಮುಂದಾಗಿಯೇ ಊಹಿಸಬೇಕು. ಚಂದ್ರಶೇಖರರ ಮಿಂಚಿನಂತೆ ಬರುವ ಬಡಕಲು ತೋಳು ಮತ್ತು ಬಳುಕುವ ಮಣಿಕಟ್ಟು ಆ ಓದಿಗೆ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಯಾವ ಚೆಂಡು ಬರುವುದೆಂದು ಅವರಿಗೇ ತಿಳಿಯದೆಂದು ಆಟಗಾರರು ವಿನೋದವಾಗಿ ಹೇಳುತ್ತಿದ್ದುದುಂಟು.

ಓವಲ್ ಮೈದಾನದ ಸೋಮವಾರ

ಅವರ ಬಾಳು ಏರುಮುಖವಾಗಿಯೇ ಸಾಗಿತೆಂದು ತಿಳಿಯಬಾರದು. 1967-68ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಪೆಟ್ಟು ತಗುಲಿ ಊರಿಗೆ ಹಿಂದಿರುಗಬೇಕಾಯಿತು. ಆ ಬಳಿಕ ಮೂರು ವರ್ಷಗಳಿಗೂ ಹೆಚ್ಚು ಕಾಲ ಟೆಸ್ಟ್ ತಂಡದಲ್ಲಿ ಸ್ಥಳವಿರಲಿಲ್ಲ. 1971ರಲ್ಲಿ ಇಂಗ್ಲೆಂಡಿಗೆ ಹೊರಟ ಅಜಿತ್ ವಾಡೇಕರರ ತಂಡಕ್ಕೆ ಅವರನ್ನು ಮತ್ತೆ ಆರಿಸಿದರು.

ಮೊದಲ ಎರಡು ಟೆಸ್ಟುಗಳು ಸಮವಾಗಿ ಮುಗಿದಿದ್ದುವು. ಮೂರನೆಯದು ಲಂಡನ್ನಿನ ಓವಲ್ ಮೈದಾನದಲ್ಲಿ. ಇಂಗ್ಲೆಂಡಿನ ಮೊದಲ ಸರದಿ 355, ಭಾರತದ್ದು 284. ಎಪ್ಪತ್ತೊಂದು ಓಟಗಳ ಹಿನ್ನಡೆ. ಇಂಗ್ಲೆಂಡಿನ ನೆಲದಲ್ಲಿ ಭಾರತವು ಅದುವರೆಗೆ ಒಂದು ಟೆಸ್ಟನ್ನೂ ಗೆದ್ದಿರಲಿಲ್ಲ. ಆಗಸ್ಟ್ 23, ಸೋಮವಾರ, ಇಂಗ್ಲೆಂಡು ಎರಡನೆಯ ಸರದಿಗೆ ಇಳಿಯಿತು.

ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು ಜಾನ್ ಎಡ್ರಿಚ್ ಎದುರಿಗೆ ಬಂದರು. ತಡೆದು ಆಡುವುದರಲ್ಲಿ ಹೆಸರಾದ ಎಡಗೈ ದಾಂಡಿಗರು. ಆ ವರ್ಷದ ಡರ್ಬಿ ಪಂದ್ಯವನ್ನು ಗೆದ್ದಿದ್ದ ಕುದುರೆಯ ಹೆಸರು ಮಿಲ್ ರೀಫ್. ಚಂದ್ರಶೇಖರರ ಅತಿರಭಸದ ಚೆಂಡಿಗೆ ಜೊತೆಯ ಆಟಗಾರರು ಅದೇ ಹೆಸರನ್ನಿಟ್ಟಿದ್ದರು. ಗೂಗ್ಲಿ ಹಾಕಬೇಕೆಂದಿದ್ದ ಚಂದ್ರಶೇಖರರಿಗೆ ದಿಲೀಪ್ ಸರ್ದೇಸಾಯಿ ಅವರು ಆ ಕುದುರೆಯನ್ನೇ ಬಿಡುವಂತೆ ಸೂಚಿಸಿದರು. ಚೆಂಡು ಹೊರಟಿತು. ಎಡ್ರಿಚರ ಬ್ಯಾಟು ಕೆಳಗಿಳಿಯುವುದರೊಳಗೆ ಗೂಟಗಳು ಉರುಳಿದ್ದುವು. ನಮ್ಮ ಏಳರಲ್ಲಿ ಒಂದು ಸೆಕೆಂಡಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಮರುಚೆಂಡಿನಲ್ಲಿಯೇ ಕೀತ್ ಫ್ಲೆಚರ್, ಬ್ಯಾಟಿನ ಬಳಿಯೇ ಕಾದು ನಿಂತಿದ್ದ ಏಕನಾಥ್ ಸೋಲ್ಕರರ ಕೈಗೆ ಕ್ಯಾಚ್ ಕೊಟ್ಟು ನಡೆದರು.

ಊಟದ ನಂತರವೂ ಕತೆ ಬದಲಾಗಲಿಲ್ಲ. ಒಬ್ಬರ ಹಿಂದೆ ಒಬ್ಬರು ಬಂದರು, ಹೋದರು. ಇಂಗ್ಲೆಂಡಿನ ಸರದಿ 101 ಓಟಗಳಿಗೆ ಮುಗಿಯಿತು. ಚಂದ್ರಶೇಖರರು 18.1 ಓವರುಗಳಲ್ಲಿ 38 ಓಟ ಕೊಟ್ಟು 6 ವಿಕೆಟ್ ಪಡೆದಿದ್ದರು. ಭಾರತ ಗೆಲ್ಲಲು 173 ಓಟ ಬೇಕಾಗಿತ್ತು. ಮರುದಿನ, ಆಗಸ್ಟ್ 24, ಗಣೇಶ ಚತುರ್ಥಿ. ಭಾರತದ ಅಭಿಮಾನಿಗಳು ಪ್ರಾಣಿಸಂಗ್ರಹಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಮೈದಾನಕ್ಕೇ ಕರೆತಂದಿದ್ದರು. ಆರು ವಿಕೆಟ್ ಕಳೆದುಕೊಂಡು ಭಾರತ ಗುರಿ ಮುಟ್ಟಿತು. ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ವಿಜಯ. ಅದರೊಡನೆ ಸರಣಿಯೂ ದಕ್ಕಿತು.

ಆಮೇಲೆ ಸಂದ ಮನ್ನಣೆಗಳು ಹಲವು. 1972ರಲ್ಲಿ ವಿಸ್ಡನ್ ವಾರ್ಷಿಕವು ಅವರನ್ನು ವರ್ಷದ ಆಟಗಾರರಲ್ಲೊಬ್ಬರೆಂದು ಆರಿಸಿತು; ಅದೇ ವರ್ಷ ಪದ್ಮಶ್ರೀ ಪ್ರಶಸ್ತಿ ಬಂದಿತು. 1972-73ರಲ್ಲಿ ಇಂಗ್ಲೆಂಡು ಭಾರತಕ್ಕೆ ಬಂದಾಗ ಐದು ಟೆಸ್ಟುಗಳಲ್ಲಿ 35 ವಿಕೆಟ್ ಪಡೆದರು. ದಿಲ್ಲಿಯಲ್ಲಿ 79 ಓಟಗಳಿಗೆ 8 ವಿಕೆಟ್ ಗಳಿಸಿದುದು ಅವರ ಜೀವಮಾನದ ಶ್ರೇಷ್ಠ ಸಾಧನೆ. 1973-74ರಲ್ಲಿ ಕರ್ನಾಟಕವು ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಾಗ, ಪ್ರಸನ್ನ ಮತ್ತು ವಿಶ್ವನಾಥರೊಡನೆ ಅವರೂ ತಂಡದಲ್ಲಿದ್ದರು. 1977ರ ಕೊನೆಯಲ್ಲಿ ಆರಂಭವಾದ ಮೆಲ್ಬರ್ನ್ ಟೆಸ್ಟಿನಲ್ಲಿ ಎರಡು ಸರದಿಗಳಲ್ಲಿಯೂ 52 ಓಟಗಳಿಗೆ 6 ವಿಕೆಟ್! ಆಸ್ಟ್ರೇಲಿಯಾದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ವಿಜಯವು ಆ ಪಂದ್ಯದಲ್ಲಿ ಲಭಿಸಿತು. 1979ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರ ಟೆಸ್ಟ್ ಜೀವನ ಮುಗಿಯಿತು.

ಅಂಕಿಗಳು ಹೇಳುವುದೇನು?

58 ಟೆಸ್ಟುಗಳಲ್ಲಿ 242 ವಿಕೆಟ್. ಪ್ರಥಮ ದರ್ಜೆಯ ಪಂದ್ಯಗಳಲ್ಲೆಲ್ಲ ಸೇರಿ 1063. ಬ್ಯಾಟಿನಿಂದ ಟೆಸ್ಟುಗಳಲ್ಲಿ ಗಳಿಸಿದ ಓಟಗಳು 167 ಮಾತ್ರ. ಪಡೆದ ವಿಕೆಟ್ಟುಗಳಿಗಿಂತಲೂ ಕಡಿಮೆ! ಇದನ್ನು ಕೇಳಿ ನಗುವವರುಂಟು. ಬ್ಯಾಟು ಬೀಸುವುದಕ್ಕೆ ಎರಡು ತೋಳಿನ ಬಲವೂ ಬೇಕೆಂಬುದನ್ನು ನೆನೆದರೆ ನಗು ನಿಲ್ಲುವುದು.

ಇನ್ನೊಂದು ಹೋಲಿಕೆ ಹೆಚ್ಚು ಉಪಯುಕ್ತ. ಒಂದು ವಿಕೆಟ್ ಪಡೆಯಲು ಬೌಲರನಿಗೆ ಸರಾಸರಿ ಎಷ್ಟು ಚೆಂಡು ಬೇಕಾದುವು? ಅದೇ ಕಾಲದ ಮಹಾನ್ ಸ್ಪಿನ್ನರುಗಳಾದ ಬಿಷನ್ ಸಿಂಗ್ ಬೇಡಿ ಅವರಿಗೆ ಸುಮಾರು 80, ಪ್ರಸನ್ನರಿಗೆ 76, ವೆಂಕಟರಾಘವನ್ನರಿಗೆ 95. ಚಂದ್ರಶೇಖರರಿಗೆ 66 ಮಾತ್ರ. ಆದರೆ ಒಂದು ವಿಕೆಟ್ಟಿಗೆ ಅವರು ಕೊಟ್ಟ ಓಟಗಳು 29.74, ಬೇಡಿಯವರದು ಇದಕ್ಕಿಂತ ಒಂದಿಷ್ಟು ಕಡಿಮೆಯೇ. ಎಂದರೆ ಚಂದ್ರಶೇಖರರ ಬೌಲಿಂಗು ಓಟಗಳನ್ನು ಕೊಟ್ಟು ವಿಕೆಟ್ಟುಗಳನ್ನು ಕೊಳ್ಳುವ ವ್ಯಾಪಾರ. ರಭಸ ಮತ್ತು ಸುತ್ತು ಎರಡನ್ನೂ ಒಂದೇ ಚೆಂಡಿನಲ್ಲಿ ತುಂಬಿದವನಿಗೆ ಹಿಡಿತ ಒಮ್ಮೊಮ್ಮೆ ತಪ್ಪುವುದು ಸಹಜ. ಒಳ್ಳೆಯ ದಿನ ಬಂದಾಗ ಮಾತ್ರ ಎದುರಾಳಿಗೆ ಉಳಿಗಾಲವಿಲ್ಲ.

ಪ್ರಶ್ನೆಯ ಕೊನೆಯ ಭಾಗ

ಹಾಗಾದರೆ ಪೋಲಿಯೊ ಅವರಿಗೆ ವರವಾಯಿತೇ? ಹಲವರು ಹಾಗೆ ಬರೆದಿದ್ದಾರೆ. ನನಗೆ ಈ ಮಾತು ಒಪ್ಪಿಗೆಯಾಗದು. ರೋಗವು ಕೊಟ್ಟುದು ಹಗುರವಾದ, ಬಲಹೀನವಾದ ಒಂದು ತೋಳನ್ನು ಮಾತ್ರ. ಅದೇ ಕಾಲದಲ್ಲಿ ಅಂತಹ ತೋಳನ್ನು ಪಡೆದ ಮಕ್ಕಳು ನಮ್ಮ ದೇಶದಲ್ಲಿ ಲಕ್ಷಗಟ್ಟಲೆ ಇದ್ದರು. ಆ ತೋಳಿನಿಂದ ಏನನ್ನು ಮಾಡಲಾಗದು, ಏನನ್ನು ಮಾಡಬಹುದು ಎಂದು ವರ್ಷಗಟ್ಟಲೆ ಶೋಧಿಸಿ ನೋಡಿದುದು ಒಬ್ಬ ಹುಡುಗ. ಎಸೆತಕ್ಕೆ ಎಡಗೈ, ಬೌಲಿಂಗಿಗೆ ಬಲಗೈ ಎಂಬ ವಿಂಗಡಣೆ ರೋಗದ ಕೊಡುಗೆಯಲ್ಲ. ಅದು ಪ್ರಯೋಗದ ಫಲ. ಮಾಡಿ ನೋಡುವುದು, ತಪ್ಪುವುದು, ತಿದ್ದಿ ಮತ್ತೆ ಮಾಡುವುದು. ಪ್ರಯೋಗಶಾಲೆಯಲ್ಲಿ ನಾವು ನಿಮಗೆ ಕಲಿಸಬಯಸುವುದೂ ಇದನ್ನೇ.

ಮತ್ತೊಂದು ಮಾತು ಹೇಳದೆ ಈ ಲೇಖನ ಮುಗಿಯಲಾರದು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ನಮ್ಮ ತರಗತಿಯಲ್ಲಿ ಪೋಲಿಯೊದಿಂದ ಒಂದು ಕೈ ಸೊರಗಿದ ಗೆಳೆಯನೊಬ್ಬನಿದ್ದನು. ಪ್ರತಿ ಸಂಜೆ ಶಾಲೆಯ ಹಿಂದಿನ ಬಯಲಿನಲ್ಲಿ ಆಟ. ನಾವು ಅವನ ಕೈಗೆ ಸೀಸದ ಕಡ್ಡಿಯನ್ನೂ ಹಳೆಯ ನೋಟುಪುಸ್ತಕವನ್ನೂ ಕೊಟ್ಟು ಅಂಕ ಬರೆಯಲು ಕೂರಿಸುತ್ತಿದ್ದೆವು. ಅದು ಅವನಿಗೆ ನಾವು ಮಾಡುತ್ತಿದ್ದ ಉಪಕಾರವೆಂದೇ ತಿಳಿದಿದ್ದೆವು. ನಾಲ್ಕು ವರ್ಷಗಳಲ್ಲಿ ಒಂದು ದಿನವೂ ಅವನ ಕೈಗೆ ಚೆಂಡು ಕೊಡಲಿಲ್ಲ, ಅವನೂ ಕೇಳಲಿಲ್ಲ. ಅವನು ಚೆನ್ನಾಗಿ ಬೌಲ್ ಮಾಡುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಅದು ನಮಗೆ ಗೊತ್ತಾಗಲೇ ಇಲ್ಲ. ಪ್ರಯೋಗ ಮಾಡದೆಯೇ ಫಲಿತಾಂಶವನ್ನು ಬರೆದುಬಿಟ್ಟಿದ್ದೆವು. ವಿಜ್ಞಾನವನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ತಪ್ಪು ಇಂದಿಗೂ ಮುಳ್ಳಿನಂತೆ ಚುಚ್ಚುತ್ತದೆ.

ಇಂದಿನ ವಿದ್ಯಾರ್ಥಿಗಳ ತರಗತಿಗಳಲ್ಲಿ ಅಂತಹ ಗೆಳೆಯರು ಕಾಣಸಿಗುವುದು ವಿರಳ. ಸಾಕ್ ಎಂಬ ವಿಜ್ಞಾನಿಯ ಚುಚ್ಚುಮದ್ದು 1955ರಲ್ಲಿಯೂ ಸೇಬಿನ್ ಎಂಬಾತನ ಹನಿಗಳು ಅನಂತರವೂ ಬಂದುವು. 1995ರಿಂದ ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಕಾರ್ಯಕ್ರಮವು ಮನೆಮನೆಯ ಮಕ್ಕಳನ್ನೂ ತಲುಪಿತು. ಭಾರತದಲ್ಲಿ ಸಹಜ ಪೋಲಿಯೊ ರೋಗಾಣುವಿನಿಂದಾದ ಕೊನೆಯ ಪ್ರಕರಣ ಕಂಡುಬಂದುದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ದೇಶವು ಪೋಲಿಯೊಮುಕ್ತವೆಂದು ಘೋಷಿತವಾಯಿತು. ಒಂದು ತೋಳಿನ ಕತೆಯನ್ನು ಚಂದ್ರಶೇಖರರು ಬದಲಿಸಿದರೆ, ಕೋಟ್ಯಂತರ ತೋಳುಗಳ ಕತೆಯನ್ನು ಎರಡು ಹನಿ ಲಸಿಕೆ ಬದಲಿಸಿತು.

ಆದರೆ ದುರ್ಬಲವೆಂದು ನಾವು ಮೊದಲೇ ತೀರ್ಮಾನಿಸಿಬಿಡುವ ಸಂಗತಿಗಳು ಪೋಲಿಯೊದೊಡನೆ ಮುಗಿದುಹೋಗಿಲ್ಲ. ಒಬ್ಬನಿಗೆ ಕಣ್ಣು ಮಂದ, ಒಬ್ಬಳಿಗೆ ಮಾತು ತೊದಲು, ಒಬ್ಬನಿಗೆ ಲೆಕ್ಕವೆಂದರೆ ಭಯ. ನಿಮ್ಮ ಬಯಲಿನ ಅಂಚಿನಲ್ಲಿ ಅಂಕ ಬರೆಯುತ್ತ ಕುಳಿತವರು ಯಾರಾದರೂ ಇದ್ದರೆ, ಇಂದು ಸಂಜೆ ಅವರ ಕೈಗೆ ಒಂದು ಸಲ ಚೆಂಡನ್ನು ಕೊಟ್ಟು ನೋಡಿರಿ.